ಕೈಗೆಟುಕದ ದ್ರಾಕ್ಷಿಯ ನಾಡಿನಲ್ಲಿ

ಭಾನುವಾರ ಬೆಳಿಗ್ಗೆ ಕಾರು ಹತ್ತಿ ದೊಡ್ಡಬಳ್ಳಾಪುರದ ಕಡೆ ಹೋಗಿ, ನಂದಿಬೆಟ್ಟದ ಬುಡದ ದ್ರಾಕ್ಷಿತೋಟ ಸುತ್ತಿ, ನಾಲ್ಕು ಬಗೆಯ ವೈನ್ ಮೂಸಿ ಗುಟುಕರಿಸಿ ಸಂಜೆಗೆ ಮನೆ ಸೇರುವ ಹವ್ಯಾಸ ಬೆಂಗಳೂರಿಗೆ ಈಗ ಹಳೆಯದಾಗಿದೆ. ಈ ಹವ್ಯಾಸದಲ್ಲಿ ಪಳಗಿದವರು ಹೆಸರಾದ ವೈನರಿಗಳ ಗದ್ದಲ ಬಿಟ್ಟು, ಫಲಕವೂ ನೆಟ್ಟಗಿಲ್ಲದ ಸಣ್ಣ ತೋಟಗಳನ್ನು ಹುಡುಕಿಕೊಂಡು ಹೋಗುತ್ತಾರೆ. ಇಂಥ ಒಬ್ಬ ಕನ್ನಡಿಗನಿಗೆ ಸೂರತ್ತಿಗೋ ವಡೋದರಕ್ಕೋ ಅಹಮದಾಬಾದಿಗೋ ವರ್ಗವಾಯಿತೆನ್ನಿ. ಅವನ ಭಾನುವಾರದ ಗತಿಯೇನು? ಗುಜರಾತ್ 1960ರ ಮೇ 1ರಂದು ಮುಂಬೈ ರಾಜ್ಯದಿಂದ ಬೇರೆಯಾದಾಗ 1949ರ ಪಾನನಿಷೇಧ ಕಾನೂನನ್ನೂ ಜೊತೆಗೇ ಕಟ್ಟಿಕೊಂಡು ಬಂತು. ಈವರೆಗೆ ಅದನ್ನು ಕೆಳಗಿಳಿಸಿಲ್ಲ. ಹೊರರಾಜ್ಯದವರಿಗೆ ಪರ್ಮಿಟ್ಟುಂಟು, 2023ರ ಕೊನೆಯಲ್ಲಿ ಗಾಂಧಿನಗರದ ಗಿಫ್ಟ್ ಸಿಟಿಗೊಂದು ಸಡಿಲಿಕೆಯೂ ಸಿಕ್ಕಿತು. ಆದರೆ ಅವೆಲ್ಲ ಕುಡಿಯುವವರ ಅನುಕೂಲಕ್ಕೆ. ತೋಟ ನೋಡಿ, ಮಾಡಿದವನನ್ನು ಮಾತಾಡಿಸಿ ಬರುವ ಸುಖಕ್ಕೆ ಪರ್ಮಿಟ್ ಕೊಡುವ ಕಚೇರಿ ಯಾವುದೂ ಇಲ್ಲ. ಹೀಗಿದ್ದೂ ಆ ಕನ್ನಡಿಗನ ಭಾನುವಾರ ಹಾಳಾಗಬೇಕಿಲ್ಲ, ಮೊದಲಿಗಿಂತ ಚೆನ್ನಾಗಿಯೂ ಇರಬಹುದು ಎನ್ನುವುದು ನನ್ನ ವಾದ.

ವಾದಕ್ಕೆ ಬುಡ ಇಷ್ಟೇ: ರುಚಿಗಾಗಿ ಪ್ರಯಾಣ ಮಾಡುವುದಾದರೆ, ತಾನಾಗಿ ನಮ್ಮ ಬಳಿಗೆ ಬರಲಾರದ ರುಚಿಗಾಗಿ ಮಾಡಬೇಕು. 1999ರಲ್ಲಿ ನಾಸಿಕದಲ್ಲಿ ಶುರುವಾದ ಸುಲಾ ವೈನರಿಯ ಬಾಟಲಿ ಇವತ್ತು ಬೆಂಗಳೂರಿನ ಬೀದಿಬೀದಿಯ ಅಂಗಡಿಯಲ್ಲಿ ಸಿಗುತ್ತದೆ. ಅದನ್ನೇ ಕುಡಿಯಲು ನಾಸಿಕಕ್ಕೆ ಹೋಗುವವರು ಹೋಗುವುದು ಸೂರ್ಯಾಸ್ತಕ್ಕೆ, ಫೋಟೊಕ್ಕೆ, ಬೇಡವೆನ್ನಲು ನಾನ್ಯಾರು. ಸಣ್ಣ ವೈನರಿಗೆ ಹೋಗಬೇಕೆನ್ನುವ ಪಳಗಿದವರ ಮಾತಿನ ಹಿಂದಿರುವ ತರ್ಕ ಬೇರೆ. ಅಲ್ಲಿಯ ಮಾಲು ಅಂಗಡಿಯತನಕ ಬರುವುದಿಲ್ಲ, ಆದ್ದರಿಂದ ನಾವೇ ಹೋಗಬೇಕು. ಆದರೆ ಆ ಸಣ್ಣತನ ಎಷ್ಟು ದಿನದ್ದು? ನಾಸಿಕದ ಯಾರ್ಕ್ ವೈನರಿಯನ್ನು 2021ರಲ್ಲಿ ಸುಲಾ ಕೊಂಡುಕೊಂಡಿತು. ವೈನ್ ಹುಟ್ಟುವುದೇ ಬಾಟಲಿಯೊಳಗೆ ಕೂತು ಊರೂರು ತಿರುಗಲಿಕ್ಕೆ. ಬಿರಟೆ ಹಾಕುವುದೇ ಅದಕ್ಕೆ. ಹಾಗಾಗಿ ತೋಟಕ್ಕೇ ಹೋಗಿ ಕುಡಿಯಬೇಕು ಎಂಬ ವಾದಕ್ಕೆ ವೈನಿನಷ್ಟು ದುರ್ಬಲ ಸಾಕ್ಷಿ ಇನ್ನೊಂದಿಲ್ಲ. ಆ ವಾದಕ್ಕೆ ಗಟ್ಟಿ ಸಾಕ್ಷಿ ಬೇಕಾದರೆ ವೈನಿಲ್ಲದ ಗುಜರಾತಿಗೇ ಹೋಗಬೇಕು.

ಮೊದಲ ಸಾಕ್ಷಿ ಸೂರತ್ತಿನ ಪೋಂಕ್. ವಿಜಯಪುರ, ಬಾಗಲಕೋಟೆ, ಕಲಬುರಗಿ ಕಡೆಯವರಿಗೆ ಇದನ್ನು ವಿವರಿಸುವುದೇ ಬೇಡ, ಸೀತನಿ ಎಂದರೆ ಸಾಕು. ಜೋಳದ ತೆನೆಯಲ್ಲಿ ಹಾಲುಗಾಳು ಗಟ್ಟಿಯಾಗುವ ಮೊದಲು, ಸಕ್ಕರೆಯಂಶ ಇನ್ನೂ ಪಿಷ್ಟವಾಗಿ ತಿರುಗದ ಕೆಲವೇ ದಿನಗಳಲ್ಲಿ ಕೊಯ್ದು, ಕೆಂಡದಲ್ಲಿ ಸುಟ್ಟು, ಬಡಿದು ಕಾಳು ಬಿಡಿಸಿ ಬಿಸಿಯಾಗಿ ತಿನ್ನುವುದು. ನಮ್ಮಲ್ಲಿ ಎಳ್ಳಮಾಸಿಯ ಆಸುಪಾಸು ಹೊಲದ ಬದುವಿನಲ್ಲಿ ಕುಳ್ಳಿನ ಬೆಂಕಿ ಹಾಕಿ, ತೆನೆಯನ್ನು ಅಂಗೈಯಲ್ಲಿ ತಿಕ್ಕಿ, ಬೆಲ್ಲ ಮತ್ತು ಶೇಂಗಾ ಹಿಂಡಿಯ ಜೊತೆ ಬಾಯಿಗೆ ಹಾಕಿಕೊಳ್ಳುತ್ತಾರೆ. ಸೂರತ್ತಿನಲ್ಲಿ ತಾಪಿ ದಂಡೆಯ ಅಡಾಜಣದಲ್ಲಿ ಚಳಿಗಾಲ ಬಂತೆಂದರೆ ಇದಕ್ಕೊಂದು ಬಜಾರೇ ಏಳುತ್ತದೆ; ಜೊತೆಗೆ ನಿಂಬೆ-ಮೆಣಸಿನ ಸೇವು, ಪಕ್ಕದಲ್ಲಿ ಪೋಂಕ್ ವಡೆ, ಮೇಲೆ ಮಜ್ಜಿಗೆ. ಎರೆಭೂಮಿ, ಜೋಳ, ಚಳಿ ಇಷ್ಟಿದ್ದರೆ ಭಾಷೆ ಬೇರೆಯಾದರೂ ನಾಲಿಗೆ ಒಂದೇ. ದ್ರಾಕ್ಷಿಯನ್ನು ಯಾವ ದಿನ ಕೊಯ್ಯಬೇಕೆಂದು ವೈನಿನವರು ಸಕ್ಕರೆ ಅಳೆಯುತ್ತ ತಲೆ ಕೆಡಿಸಿಕೊಳ್ಳುವುದನ್ನು ನಾವು ಬಾಯಿಬಿಟ್ಟು ಕೇಳುತ್ತೇವೆ. ಪೋಂಕಿನ ರೈತ ಅದೇ ಲೆಕ್ಕವನ್ನು ಕಾಳು ಚಿವುಟಿ ಮಾಡುತ್ತಾನೆ. ವ್ಯತ್ಯಾಸವೆಂದರೆ ಅವನಿಗೆ ಪೀಪಾಯಿಯ ಆಸರೆಯಿಲ್ಲ. ಬೆಂಕಿಯಿಂದಿಳಿದ ಕೆಲವು ತಾಸುಗಳಲ್ಲಿ ಕಾಳಿನ ಮೆದುತನ ಹೋಗುತ್ತದೆ, ಸಂಜೆಗೆ ಅದು ಬೇರೆಯೇ ಪದಾರ್ಥ. ಫ್ರಿಜ್ಜಿನಲ್ಲಿಟ್ಟು ದೂರದೂರಿಗೆ ಕಳಿಸುವವರಿದ್ದಾರೆ. ಅಲ್ಲಿಗೆ ತಲುಪುವುದು ಬರೀ ಹಸಿರು ಬಣ್ಣ. ಇನ್ನು ಅಡಾಜಣವೂ ಒಂದು ಬಗೆಯಲ್ಲಿ ಸುಲಾವೇ, ಜನಜಾತ್ರೆ. ಸಣ್ಣದನ್ನು ಆರಿಸುವ ಚಾಳಿಯವರು ಓಲ್ಪಾಡ್ ಕಡೆಯ ಹೊಲದಾರಿ ಹಿಡಿದು, ಹೊಗೆ ಏಳುವಲ್ಲಿ ನಿಲ್ಲುವುದು ಮೇಲು.

ಎರಡನೆಯ ಸಾಕ್ಷಿ ಇನ್ನೂ ಸೊಗಸು, ಏಕೆಂದರೆ ಅದರಲ್ಲಿ ಕಾನೂನೂ ಪಾತ್ರಧಾರಿ. ಸೂರತ್, ನವಸಾರಿ, ವಲ್ಸಾಡ್ ಕಡೆ ಚಳಿಗಾಲದ ಮುಂಜಾನೆ ರಸ್ತೆಬದಿಯಲ್ಲಿ ಈಚಲ ಮರದ ನೀರಾ ಮಾರುತ್ತಾರೆ. ಹುಳಿಯದ ರಸ ನೀರಾ, ಹುಳಿತರೆ ಹೆಂಡ ಎಂಬ ಗೆರೆಯನ್ನು ಆ 1949ರ ಕಾನೂನೇ ಎಳೆದು, ನೀರಾಕ್ಕೆ ಲೈಸೆನ್ಸಿನ ದಾರಿ ಬಿಟ್ಟಿದೆ. ಆದರೆ ರಸಕ್ಕೆ ಕಾನೂನು ಓದಲು ಬಾರದು. ಮಡಕೆಗೆ ಸುಣ್ಣ ಬಳಿದು ಎಷ್ಟು ತಡೆದರೂ ಬಿಸಿಲೇರಿದಂತೆ ಗಾಳಿಯಲ್ಲಿನ ಯೀಸ್ಟು ತನ್ನ ಕೆಲಸ ಶುರುಮಾಡುತ್ತದೆ. ಅದೇ ಮರ, ಅದೇ ಮಡಕೆ. ನಸುಕಿನಲ್ಲಿ ಆರೋಗ್ಯಪೇಯ, ಮಧ್ಯಾಹ್ನಕ್ಕೆ ಅಪರಾಧ. ಸಮಯದ ಬಗ್ಗೆ ಇಷ್ಟು ಕಟ್ಟುನಿಟ್ಟಿನ ಪಾನೀಯವನ್ನು ಯಾವ ವೈನರಿ ಕೊಟ್ಟೀತು? ತೆಂಗಿನ ನೀರಾಕ್ಕಾಗಿ ನಮ್ಮ ರೈತರು ಬೀದಿಗಿಳಿದದ್ದನ್ನು ನೆನೆದವರಿಗೆ ಈ ಗೆರೆ ಎಷ್ಟು ತೆಳುವೆಂಬುದು ಗೊತ್ತು.

ಇಲ್ಲಿಗೆ ಬರುವ ಹೊತ್ತಿಗೆ ಓದುಗರ ನಾಲಿಗೆಯ ತುದಿಯಲ್ಲಿ ನರಿ ಬಂದು ಕೂತಿರುತ್ತದೆ: ಕೈಗೆಟುಕದ ದ್ರಾಕ್ಷಿ ಹುಳಿ! ಒಪ್ಪಿದೆ, ಆಕ್ಷೇಪಕ್ಕೆ ತೂಕವಿದೆ. ಸೂರತ್ತಿನಿಂದ ನಾಸಿಕ ಸುಮಾರು 230 ಕಿ.ಮೀ., ನಡುವೆ ಸಾಪುತಾರಾದ ಘಾಟಿ. ಹೋಗುವವರು ಹೋಗುತ್ತಾರೆ, ಅದು ಒಂದು ದಿನದ ಪ್ರಯಾಣವಾಗುವುದಿಲ್ಲ ಅಷ್ಟೆ. ದಮಣ್ ಹತ್ತಿರವೇ ಇದೆ. ಅಲ್ಲಿ ಬಾಟಲಿಯುಂಟು, ಬಳ್ಳಿಯಿಲ್ಲ. ಇಷ್ಟಕ್ಕೂ ನನ್ನ ಅಳತೆಗೋಲನ್ನು ವೈನಿನ ಮೇಲೆ ಹಿಡಿದರೂ ವೈನು ಪೂರ್ತಿ ಸೋಲುವುದಿಲ್ಲ. ನಮ್ಮ ಹವೆಯಲ್ಲಿ ಬಳ್ಳಿಗೆ ವರ್ಷಕ್ಕೆರಡು ಸಲ ಚಾಟನಿ ಮಾಡಿ, ಅಂದರೆ ಕೊಂಬೆ ಸವರಿ, ಕೊಯ್ಲನ್ನು ಜನವರಿಯಿಂದ ಮಾರ್ಚ್‌ವರೆಗಿನ ಒಣಹವೆಗೆ ಹೊಂದಿಸುತ್ತಾರೆ. ಆ ವಾರಗಳಲ್ಲಿ ನಂದಿಯ ಬುಡಕ್ಕೋ ನಾಸಿಕದ ದಿಂಡೋರಿಗೋ ಹೋದವನು ಹಿಂಡುವ ಹಣ್ಣಿನ ವಾಸನೆ, ಹುದುಗುವ ತೊಟ್ಟಿಯ ಗುಳುಗುಳು ಶಬ್ದ ಅನುಭವಿಸುತ್ತಾನೆ, ಅವು ಬಾಟಲಿಯೊಳಗೆ ಬರುವುದಿಲ್ಲ. ಜುಲೈನಲ್ಲಿ ಹೋದವನು ಬರೀ ಕೌಂಟರ್ ನೋಡಿ ಬರುತ್ತಾನೆ.

ವೈನಿಗೆ ವರ್ಷಗಳ ಆಳವಿದೆ, ಸುಟ್ಟ ಜೋಳಕ್ಕೆ ಏನಿದೆ ಎಂದು ಇನ್ನೊಬ್ಬರು ಕೇಳಬಹುದು. ಆಳವನ್ನು ವರ್ಷಗಳಲ್ಲೇ ಅಳೆಯಬೇಕೆಂಬ ನಿಯಮವನ್ನು ವೈನಿನವರೇ ಮಾಡಿಕೊಂಡದ್ದು. ಬೇರೆ ಬಗೆಯ ಆಳವೂ ಉಂಟು. ವಲ್ಸಾಡಿನ ಬಳಿ ಹೆದ್ದಾರಿಯ ಪಕ್ಕದಲ್ಲಿ ಚಳಿಗಾಲದಲ್ಲಿ ಉಬಾಡಿಯು ಮಾರುತ್ತಾರೆ. ಪಾಪಡಿ ಅವರೆ, ಗೆಣಸು, ಆಲೂಗಡ್ಡೆ, ನೇರಳೆ ಬಣ್ಣದ ಕಂದಗಳನ್ನು ಕಾಡುಸೊಪ್ಪಿನ ಜೊತೆ ಮಡಕೆಯಲ್ಲಿ ತುಂಬಿ, ಮಡಕೆಯನ್ನು ಬೋರಲಾಗಿಟ್ಟು ಸುತ್ತ ಬೆಂಕಿ ಹಾಕುತ್ತಾರೆ. ನೀರಿಲ್ಲ, ಎಣ್ಣೆ ಇಲ್ಲವೇ ಇಲ್ಲವೆನ್ನುವಷ್ಟು. ಆ ಸೊಪ್ಪು, ಆ ಅವರೆ, ಆ ಹೊಗೆ ಮೂರೂ ಒಂದೇ ಋತುವಿನಲ್ಲಿ ಒಂದೇ ಜಾಗದಲ್ಲಿ ಕೂಡಬೇಕು. ಫ್ರೆಂಚರು ಮಣ್ಣಿನ ರುಚಿಯೆಂದು ಯಾವುದಕ್ಕೆ ಶಾಸ್ತ್ರ ಕಟ್ಟಿದರೋ ಅದು ಇಲ್ಲಿ ಶಾಸ್ತ್ರವಿಲ್ಲದೆ ನಡೆಯುತ್ತಿದೆ.

ವಡೋದರದವರು ಪೂರ್ವಕ್ಕೆ ಸುಮಾರು 100 ಕಿ.ಮೀ. ದೂರದ ಛೋಟಾ ಉದೇಪುರದ ದಾರಿ ಹಿಡಿಯಲಿ. ಮಾರ್ಚ್-ಏಪ್ರಿಲ್‌ನಲ್ಲಿ ಮಹುಡಾ, ಅಂದರೆ ನಮ್ಮ ಹಿಪ್ಪೆಯ ಹೂ ನಸುಕಿಗೆ ಉದುರುತ್ತದೆ, ಆದಿವಾಸಿ ಕುಟುಂಬಗಳು ಬುಟ್ಟಿ ಹಿಡಿದು ಆಯುತ್ತವೆ. ಆ ಹೂವಿನಿಂದ ಏನೇನು ಮಾಡಬಹುದೆಂದು ಕಾನೂನಿಗೆ ಚೆನ್ನಾಗಿ ಗೊತ್ತಿರುವುದರಿಂದ ಅದರ ಮೇಲೂ ಒಂದು ಕಣ್ಣಿದೆ. ಒಂದು ಹಸಿ ಹೂವನ್ನು ಬಾಯಿಗೆ ಹಾಕಿಕೊಂಡು ಅದರ ಮಂದ ಸಿಹಿಯನ್ನು ಸವಿಯಲು ಯಾರ ಅಡ್ಡಿಯೂ ಇಲ್ಲ. ಅಹಮದಾಬಾದಿನವರಿಗೆ ಮಾತ್ರ ನನ್ನ ಅಳತೆಗೋಲು ಉದಾರವಾಗಿಲ್ಲ. ಅವರ ಪಕ್ಕದ ಭಾಲ್ ಸೀಮೆಯಲ್ಲಿ ಮಳೆ ಬಿಟ್ಟುಹೋದ ತೇವದಲ್ಲೇ, ನೀರಾವರಿಯಿಲ್ಲದೆ ಬೆಳೆಯುವ ಭಾಲಿಯಾ ಗೋಧಿಗೆ 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದೆ. ಗೋಧಿ ಉತ್ತಮವಾದದ್ದೇ, ಆದರೆ ಮೂಟೆಯಲ್ಲಿ ಸುಖವಾಗಿ ಪ್ರಯಾಣ ಮಾಡುತ್ತದೆ. ಅದಕ್ಕಾಗಿ ಪೆಟ್ರೋಲ್ ಸುಡುವ ಬದಲು ಅಂಗಡಿಯಲ್ಲೇ ಕೊಳ್ಳಲಿ, ಉಳಿದ ದುಡ್ಡಿಗೆ ಸೂರತ್ತಿನ ರೈಲು ಹತ್ತಲಿ. ಆದರೆ ಬೆಳಗಿನ ರೈಲು ಬೇಡ. ಹಿಂದಿನ ರಾತ್ರಿಯೇ ಹೊರಡಬೇಕು, ಇಲ್ಲದಿದ್ದರೆ ಸೂರತ್ ತಲುಪುವಷ್ಟರಲ್ಲಿ ನೀರಾ ಮಾರುವವನು ಮಡಕೆ ತೊಳೆದು ಬೋರಲು ಹಾಕಿರುತ್ತಾನೆ.