ಅಮ್ಮನ ಹರಕೆ

ಸಿಕಂದರಾಬಾದಿನ ಸರೋಜಿನಿ ದೇವಿ ರಸ್ತೆಯ ಸೇಂಟ್ ಮೇರೀಸ್ ಚರ್ಚನ್ನು ನೀವೆಲ್ಲ ನೋಡಿಯೇ ಇರುತ್ತೀರಿ. 1850ರಲ್ಲಿ ಕಟ್ಟಿದ ಆ ಚರ್ಚಿಗೆ 2008ರಲ್ಲಿ ಬೆಸಿಲಿಕಾ ಎಂಬ ಗೌರವ ದೊರೆಯಿತು. ಅಲ್ಲಿ ಮೇಣದ ಬತ್ತಿ ಹಚ್ಚಿ ಕೈಮುಗಿಯುವವರ ನಡುವೆ ಕುಂಕುಮವಿಟ್ಟ ಹೆಂಗಸರನ್ನು ಕಂಡಾಗಲೆಲ್ಲ ನನಗೆ ಅಮ್ಮನ ನೆನಪಾಗುತ್ತದೆ.

ನನ್ನ ತವರು ಮೈಸೂರು ಜಿಲ್ಲೆಯ ಕೃಷ್ಣರಾಜನಗರ. ಸಮೀಪದ ಡೋರ್ನಹಳ್ಳಿಯಲ್ಲಿ ಸಂತ ಅಂತೋಣಿಯವರ ಕ್ಷೇತ್ರವಿದೆ. ಹೊಲ ಉಳುತ್ತಿದ್ದ ರೈತನೊಬ್ಬನಿಗೆ ಅವರ ವಿಗ್ರಹ ಸಿಕ್ಕಿತೆಂಬುದು ಅಲ್ಲಿನ ಐತಿಹ್ಯ. ನೇಗಿಲಿಗೆ ಲಿಂಗ ತಗುಲಿದ ಕಥೆ ನಮ್ಮ ಎಷ್ಟು ಊರುಗಳಲ್ಲಿಲ್ಲ! ಲಿಸ್ಬನ್ನಿನಲ್ಲಿ ಹುಟ್ಟಿ, 1231ರ ಜೂನ್ 13ರಂದು ಇಟಲಿಯ ಪಾದುವಾ ಬಳಿ ತೀರಿಕೊಂಡ ಈ ಸಂತರು ನಮ್ಮ ಸೀಮೆಯ ರೈತರಿಗೂ ಹೀಗೆ ಮನೆಯವರೇ ಆದರು. ಕಳೆದುಹೋದದ್ದನ್ನು ಹುಡುಕಿಕೊಡುವವರೆಂದು ಅವರಿಗೆ ಜಗತ್ತಿನಾದ್ಯಂತ ಹೆಸರು. ಅವರ ಹಬ್ಬ ಜೂನ್ 13ಕ್ಕೆ. ಜಾತಿಮತ ನೋಡದೆ ಜನ ಅಲ್ಲಿ ಹರಕೆ ಹೊರುತ್ತಾರೆ. 2019ರಲ್ಲಿ ಈ ಕ್ಷೇತ್ರಕ್ಕೂ ಬೆಸಿಲಿಕಾ ಪದವಿ ಬಂತು.

ನನ್ನ ತಮ್ಮ ಎಸ್ಸೆಸ್ಸೆಲ್ಸಿಯಲ್ಲಿ ಫೇಲಾಗಿ ಮನೆ ಬಿಟ್ಟು ಹೋಗಿದ್ದ. "ಅವನ ಹೆಸರೆತ್ತಬೇಡಿ" ಎಂದು ಅಪ್ಪ ಗುಡುಗಿದರು. ನಮ್ಮದು ಮಡಿಯ ಮನೆ. ಹನ್ನೆರಡನೆಯ ದಿನ ಅವನು ತಾನಾಗಿಯೇ ಹಿಂತಿರುಗಿದ. ಅಮ್ಮ ಅನ್ನ ಬಡಿಸಿದಳು, ಒಂದು ಮಾತೂ ಆಡಲಿಲ್ಲ.

ವರ್ಷಗಳ ನಂತರ, ಕೊನೆಯ ಕಾಯಿಲೆಯಲ್ಲಿ ಮಲಗಿದ್ದಾಗ ಅಮ್ಮ ನನ್ನನ್ನು ಹತ್ತಿರ ಕರೆದು ಹೇಳಿದಳು. ಆ ದಿನಗಳಲ್ಲಿ ಸಂತೆಗೆಂದು ಹೇಳಿ, ಪಕ್ಕದ ಮನೆಯಾಕೆಯೊಡನೆ ಡೋರ್ನಹಳ್ಳಿಗೆ ಹೋಗಿ, ಮಗ ಬಂದರೆ ಅವನ ಕೈಯಿಂದಲೇ ಬತ್ತಿ ಹಚ್ಚಿಸುತ್ತೇನೆಂದು ಹರಕೆ ಹೊತ್ತಿದ್ದಳಂತೆ. ಅಪ್ಪನಿಗೆ ಹೆದರಿ ಅದು ಹಾಗೆಯೇ ಉಳಿದಿತ್ತು. "ನೀನಾದರೂ ತೀರಿಸೇ" ಎಂದಳು.

ಹೈದರಾಬಾದಿನ ಸಂಸಾರದಲ್ಲಿ ಮುಳುಗಿ ನಾನೂ ಮುಂದೂಡುತ್ತಲೇ ಬಂದೆ. ಕಳೆದ ವರ್ಷ ಊರಿಗೆ ಹೋದಾಗ ತಮ್ಮನನ್ನು ಅಲ್ಲಿಗೆ ಕರೆದೊಯ್ದು, ಬತ್ತಿ ಕೈಗಿತ್ತು ಎಲ್ಲವನ್ನೂ ಹೇಳಿದೆ. ತಲೆ ನರೆತ ತಮ್ಮ ಬಹಳ ಹೊತ್ತು ಸುಮ್ಮನಿದ್ದ.

"ಅಕ್ಕಾ, ನನ್ನನ್ನು ಯಾರೂ ಹುಡುಕಲೇ ಇಲ್ಲ ಅಂದುಕೊಂಡಿದ್ದೆ ಕಣೇ" ಎಂದ.

ಸಂತರು ಅವನನ್ನು ಹುಡುಕಿಕೊಟ್ಟರೋ ಇಲ್ಲವೋ ವಾದಿಸಲು ನಾನು ಶಕ್ತಳಲ್ಲ. ಆದರೆ ಅಮ್ಮ ಬದುಕಿದ್ದಾಗಲೇ ಈ ಮಾತು ಅವನ ಕಿವಿಗೆ ಬೀಳಬೇಕಿತ್ತು. ನಿಮ್ಮ ಮನೆಯ ಹಿರಿಯರಲ್ಲೂ ಹೇಳದೆ ಉಳಿದ ಹರಕೆಗಳಿರಬಹುದು. ಇಂದೇ ಕೂತು ಕೇಳಿಬಿಡಿ.