ಗೋಪಾಲಸ್ವಾಮಿ ಬೆಟ್ಟದ ಪ್ರಯಾಣವೂ ಒಂದು ಗೀರೂ

ಕಳೆದ ಆಷಾಢಮಾಸದಲ್ಲಿ ನನ್ನ ಮಗಳೂ ಅಳಿಯಂದಿರೂ ಮೈಸೂರಿನ ನಮ್ಮ ಮನೆಗೆ ಬಂದಿದ್ದರು. ಅಳಿಯಂದಿರು ಹೊಸದಾಗಿ ಒಂದು ಕಾರನ್ನು ಕೊಂಡಿದ್ದರು. ಕಡುನೀಲಿ ಬಣ್ಣ, ಮುಖ ನೋಡಿಕೊಳ್ಳುವಷ್ಟು ಹೊಳಪು. ಅದರ ಸಾಲದ ಕಂತು ಇನ್ನೂ ನಾಲ್ಕು ವರ್ಷ ಉಳಿದಿದೆಯೆಂದು ಮಗಳು ತಾಯಿಗೆ ಹೇಳಿದ ಮಾತು ನನ್ನ ಕಿವಿಗೂ ಬಿದ್ದಿದ್ದಿತು. ಆ ಕಾರಿನಲ್ಲಿ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗಿಬಂದ ವೃತ್ತಾಂತವನ್ನೂ ಮರುದಿನ ನಾನು ಮಾಡಿದ ಅವಿವೇಕವನ್ನೂ ವಾಚಕರ ಮುಂದೆ ಇಡುತ್ತೇನೆ. ಕಾರುಳ್ಳ ಗೃಹಸ್ಥರಿಗೆ ಇದರಿಂದ ಸ್ವಲ್ಪ ಪ್ರಯೋಜನವಾದರೂ ಆದೀತು.

ಚಾಮುಂಡಿಬೆಟ್ಟದಲ್ಲಿ ಆಷಾಢದ ಜನಸಂದಣಿ ಇದ್ದುದರಿಂದ ದಕ್ಷಿಣದಿಕ್ಕಿಗೆ ಹೋಗೋಣವೆಂದು ನಿಶ್ಚಯಿಸಿ ಬೆಳಿಗ್ಗೆಯೇ ಹೊರಟೆವು. ನಂಜನಗೂಡಿನಲ್ಲಿ ಕಪಿಲೆ ಕೆಂಪಾಗಿ ತುಂಬಿ ಹರಿಯುತ್ತಿದ್ದಳು. ಶ್ರೀಕಂಠೇಶ್ವರನ ದರ್ಶನ ಮಾಡಿಕೊಂಡು, ಬೇಗೂರನ್ನು ದಾಟಿ, ಗುಂಡ್ಲುಪೇಟೆಯ ಸೀಮೆಯನ್ನು ಸೇರಿದೆವು. ಅಲ್ಲಿಂದ ಮುಂದಕ್ಕೆ ಕಣ್ಣಿಗೆ ಹಬ್ಬವೇ ಸರಿ. ಮಾರ್ಗದ ಇಕ್ಕೆಲಗಳಲ್ಲಿಯೂ ಸೂರ್ಯಕಾಂತಿಯ ಹೊಲಗಳು. ನಡುನಡುವೆ ಚೆಂಡುಹೂವಿನ ಕೇಸರಿ ಪಟ್ಟಿಗಳು. ನಾವು ಒಂದು ಹೂವೆಂದು ಕರೆಯುವ ಸೂರ್ಯಕಾಂತಿಯು ನಿಜವಾಗಿ ನೂರಾರು ಕಿರುಹೂಗಳ ಸಮೂಹ. ಜೇನುನೊಣಗಳು ಕಿರುಹೂವಿನಿಂದ ಕಿರುಹೂವಿಗೆ ಪರಾಗವನ್ನು ಮುಟ್ಟಿಸಿದರೆ ಕಾಳು ಚೆನ್ನಾಗಿ ಕಟ್ಟುತ್ತದೆ. ಕಾರನ್ನು ನಿಲ್ಲಿಸಿ ಇಳಿದಾಗ ಹೊಲವೆಲ್ಲ ಝೇಂಕರಿಸುತ್ತಿದ್ದಿತು.

ಹಂಗಳದ ಬಳಿ ತಿರುಗಿ ಬೆಟ್ಟದ ಬುಡವನ್ನು ಮುಟ್ಟಿದೆವು. ಅಲ್ಲಿಂದ ಮೇಲಕ್ಕೆ ಸ್ವಂತ ವಾಹನಗಳನ್ನು ಬಿಡುವುದಿಲ್ಲ. ಸರ್ಕಾರಿ ಬಸ್ಸಿನಲ್ಲಿಯೇ ಹೋಗಬೇಕು. ಈ ಬೆಟ್ಟವು ಬಂಡೀಪುರದ ಅರಣ್ಯಕ್ಕೆ ಸೇರಿದುದು. 1973ರಲ್ಲಿ ಹುಲಿ ಯೋಜನೆಯು ಆರಂಭವಾದಾಗ ಅದರಲ್ಲಿ ಸೇರಿದ ಮೊದಲ ಕಾಡುಗಳಲ್ಲಿ ಬಂಡೀಪುರವೂ ಒಂದು. ಸುಮಾರು 1450 ಮೀಟರ್ ಎತ್ತರದ ಆ ಶಿಖರದಲ್ಲಿ ಮಂಜು ಕವಿದು ಹತ್ತು ಮಾರು ದೂರದ ಮನುಷ್ಯನು ಕಾಣಿಸುತ್ತಿರಲಿಲ್ಲ. ವೇಣುಗೋಪಾಲನ ಸನ್ನಿಧಿಯಲ್ಲಿ ನಿಂತಾಗ ಮೈ ನಡುಗಿದುದು ಭಕ್ತಿಯಿಂದಲೋ ಚಳಿಯಿಂದಲೋ ಹೇಳಲಾರೆ.

ಇಳಿದು ಬಂದಮೇಲೆ ಗುಂಡ್ಲುಪೇಟೆಯಲ್ಲಿ ನನ್ನ ಹಳೆಯ ಶಿಷ್ಯನೊಬ್ಬನ ಮನೆಯಲ್ಲಿ ಉಪಚಾರ ನಡೆಯಿತು. ದೀಪ ಹಚ್ಚುವ ಹೊತ್ತು ಮೀರಿದ ಮೇಲೆ ಮೈಸೂರಿಗೆ ಹೊರಟೆವು. ಬಂಡೀಪುರದ ಕಾಡಿನ ರಸ್ತೆಯನ್ನು ವನ್ಯಮೃಗಗಳ ರಕ್ಷಣೆಗಾಗಿ ರಾತ್ರಿ 9 ಗಂಟೆಯಿಂದ ಬೆಳಿಗ್ಗೆ 6 ಗಂಟೆಯವರೆಗೆ ಮುಚ್ಚುತ್ತಾರೆ. ಅದಕ್ಕೆ ಮೊದಲೇ ಕಾಡನ್ನು ದಾಟಬೇಕೆಂದು ಎದುರಿನಿಂದ ವಾಹನಗಳು ಧಾವಿಸಿ ಬರುತ್ತಿದ್ದವು. ಮಧ್ಯಾಹ್ನ ಒಂದು ಹದ ಮಳೆ ಬಿದ್ದಿದ್ದಿತು. ನಮ್ಮ ದೀಪಗಳ ಬೆಳಕಿನಲ್ಲಿ ಹುಳುಗಳು ಅಕ್ಕಿ ಎರಚಿದಂತೆ ಬಂದು ಗಾಜಿಗೂ ಬಾನೆಟ್ಟಿಗೂ ಬಡಿಯತೊಡಗಿದವು. ಆನೆಗೂ ಹುಲಿಗೂ ರಸ್ತೆ ಮುಚ್ಚುವವರುಂಟು. ಇವಕ್ಕೆ ಯಾರು ಮುಚ್ಚುತ್ತಾರೆ?

ಸಂಸ್ಕೃತದಲ್ಲಿ ಪತಂಗವೆಂದರೆ ದೀಪದ ಹುಳುವೂ ಹೌದು, ಸೂರ್ಯನೂ ಹೌದು. ದೀಪದ ಮೇಲಣ ಮೋಹದಿಂದ ಪತಂಗವು ಸಾಯುತ್ತದೆಯೆಂದು ನಾನು ಮಕ್ಕಳಿಗೆ ಮೂವತ್ತು ವರ್ಷ ಪಾಠ ಹೇಳಿದ್ದೆನು. ಆದರೆ 2024ರಲ್ಲಿ ಪ್ರಕಟವಾದ ಒಂದು ಸಂಶೋಧನೆಯು ಬೇರೆ ಬಗೆಯಾಗಿ ಹೇಳುತ್ತದೆ. ಹಾರುವ ಹುಳುವು ಬೆಳಕಿರುವ ಕಡೆಯೇ ಆಕಾಶವೆಂದು ತಿಳಿದು ತನ್ನ ಬೆನ್ನನ್ನು ಅತ್ತ ತಿರುಗಿಸುತ್ತದೆ. ನಮ್ಮ ದೀಪದ ಬಳಿ ಆ ಲೆಕ್ಕ ತಪ್ಪಿ ಸುತ್ತಿ ಸುತ್ತಿ ಬೀಳುತ್ತದೆ. ಮೋಹವಲ್ಲ, ದಾರಿ ತಪ್ಪಿದುದು.

ಮರುದಿನ ಬೆಳಿಗ್ಗೆ ನೋಡುತ್ತೇನೆ, ಕಾರಿನ ಮುಂಭಾಗವೆಲ್ಲ ಒಣಗಿದ ಹುಳುಗಳಿಂದ ಕಲೆಕಲೆಯಾಗಿದೆ. ಅಳಿಯಂದಿರು ಏಳುವುದರೊಳಗೆ ಶುಭ್ರಮಾಡಿ ಅವರಿಗೆ ಸಂತೋಷಪಡಿಸಬೇಕೆಂದು ನನಗೆ ಬುದ್ಧಿ ಹುಟ್ಟಿತು. ಒಂದು ತಂಬಿಗೆ ನೀರನ್ನು ಚೆಲ್ಲಿ, ಪಾತ್ರೆ ತಿಕ್ಕುವ ತೆಂಗಿನ ನಾರಿನಿಂದ ಚೆನ್ನಾಗಿ ಉಜ್ಜಿದೆನು. ಹುಳುಗಳು ಹೋದವು. ಬಿಸಿಲು ಬಿದ್ದಾಗ ನೋಡಿದರೆ ಅಂಗೈಯಗಲದ ಜಾಗದಲ್ಲಿ ಬಣ್ಣವು ಮಂಕಾಗಿ, ಗೀರುಗಳು ಬಲೆಯಂತೆ ಹಬ್ಬಿದ್ದವು.

ಅಳಿಯಂದಿರು ಬಂದು ನೋಡಿದರು. "ಪರವಾಗಿಲ್ಲ ಬಿಡಿ ಮಾವ, ಗಾಡಿ ಎಂದಮೇಲೆ ಗೀರು ಬೀಳದೆ ಇರುತ್ತದೆಯೇ?" ಎಂದರು. ಆದರೆ ಮಾತಾಡುತ್ತಲೇ ಅವರ ಕೈ ಎರಡು ಸಲ ಆ ಜಾಗವನ್ನು ಸವರಿತು. ಸ್ವಂತ ಮಗನಾಗಿದ್ದರೆ ಕೋಪಿಸಿಕೊಳ್ಳುತ್ತಿದ್ದನು, ಅಲ್ಲಿಗೆ ಮುಗಿಯುತ್ತಿದ್ದಿತು. ಅಳಿಯಂದಿರ ಮೌನವನ್ನು ಹೊತ್ತುಕೊಳ್ಳುವುದು ಕಷ್ಟ. ಆ ದಿನ ನನಗೆ ಉಪಾಹಾರ ಸೇರಲಿಲ್ಲ.

ನಾನೇ ಒತ್ತಾಯಮಾಡಿ ಬಡಾವಣೆಯ ವಾಟರ್ ಸರ್ವಿಸ್ ಅಂಗಡಿಗೆ ಕಾರನ್ನು ಒಯ್ಯಿಸಿದೆನು. ಅಲ್ಲಿಯ ಕೆಲಸಗಾರನು ಗೀರಿನ ಮೇಲೆ ಉಗುರನ್ನು ಎಳೆದು ನೋಡಿ, "ಮೇಷ್ಟ್ರೇ, ಉಗುರಿಗೆ ಸಿಕ್ಕದ ಗೀರು ಪಾಲಿಶ್‌ಗೆ ಹೋಗುತ್ತೆ, ಸಿಕ್ಕುವುದು ಹೋಗಲ್ಲ. ಇದು ತಪ್ಪಲೆಯಲ್ಲ. ನೆನೆಸಬೇಕು, ಉಜ್ಜಬಾರದು" ಎಂದನು. ಅವನು ಹೇಳಿಕೊಟ್ಟ ಕ್ರಮವು ಹೀಗಿದೆ.

ಕಾರಿನ ಬಣ್ಣದ ಮೇಲೆ ತಲೆಗೂದಲಿಗಿಂತಲೂ ತೆಳುವಾದ ಒಂದು ಪಾರದರ್ಶಕ ಲೇಪವಿರುತ್ತದೆ, ಹೊಳಪೆಲ್ಲ ಅದರದು. ಹುಳುವಿನ ದೇಹರಸವು ಬಿಸಿಲಿನಲ್ಲಿ ಒಣಗಿ ಅಂಟಿನಂತೆ ಕಚ್ಚುತ್ತದೆ. ದಿನಗಟ್ಟಲೆ ಬಿಟ್ಟರೆ ಲೇಪವನ್ನೇ ತಿನ್ನುತ್ತದೆ. ಆದುದರಿಂದ ಮನೆ ಸೇರಿದ ರಾತ್ರಿಯೇ, ತಪ್ಪಿದರೆ ಮರುದಿನ ಬಿಸಿಲೇರುವ ಮೊದಲೇ, ಶುಭ್ರಮಾಡಬೇಕು. ಕಾರು ನೆರಳಿನಲ್ಲಿರಲಿ, ಲೋಹವು ತಣ್ಣಗಾಗಿರಲಿ. ಮೊದಲು ನೀರು ಹೊಯ್ದು ಧೂಳನ್ನು ಕಳೆಯಬೇಕು. ಕಾರಿಗೆಂದೇ ಮಾರುವ ಶಾಂಪೂವನ್ನು ಬಕೆಟ್ ನೀರಿನಲ್ಲಿ ಕದಡಿ, ಮೆತ್ತನೆಯ ಬಟ್ಟೆಯನ್ನು ಅದ್ದಿ, ಜ್ವರ ಬಂದವರ ಹಣೆಗೆ ಹಾಕುವಂತೆ ಕಲೆಗಳ ಮೇಲೆ ಹಾಸಬೇಕು. ಐದು ಹತ್ತು ನಿಮಿಷ ಬಿಡಬೇಕು, ಒಣಗಲು ಬಿಡಬಾರದು. ಬಳಿಕ ಒತ್ತದೆ, ಒಂದೇ ದಿಕ್ಕಿಗೆ ಒರೆಸಬೇಕು. ಬಟ್ಟೆಯನ್ನು ಬೇರೆ ಬಕೆಟ್ಟಿನಲ್ಲಿ ಆಗಾಗ್ಗೆ ಜಾಲಿಸಬೇಕು. ಉಳಿದುದನ್ನು ಮತ್ತೆ ನೆನೆಸಬೇಕೇ ಹೊರತು ಕೆರೆಯಬಾರದು. ಕಡೆಗೆ ಒಣಬಟ್ಟೆಯಲ್ಲಿ ಒರೆಸಿ ಮೇಣ ಹಚ್ಚಿದರೆ ಮುಂದಿನ ಸಲ ಹುಳುಗಳು ಅಷ್ಟು ಕಚ್ಚುವುದಿಲ್ಲ. ಪಾತ್ರೆ ತೊಳೆಯುವ ಸೋಪು ಈ ಮೇಣವನ್ನು ಕಳೆಯುವುದರಿಂದ ಅದು ಬೇಡ. ಗಾಜಿನ ಮೇಲೆ ಒಣ ವೈಪರನ್ನು ಆಡಿಸಿದರೆ ಕಲೆ ಹರಡುವುದಷ್ಟೆ.

ಅವನು ಬಟ್ಟೆಯನ್ನು ಎತ್ತಿದಾಗ, ನಾನು ಉಜ್ಜದೆ ಬಿಟ್ಟಿದ್ದ ಮೂಲೆಯಿಂದ ಒಂದು ಜೇನುನೊಣವು ಇಡಿಯಾಗಿ ಬಿಟ್ಟುಬಂದಿತು. ಅದರ ಹಿಂಗಾಲಿನಲ್ಲಿ ಹಳದಿ ಪರಾಗದ ಉಂಡೆ ಹಾಗೆಯೇ ಇದ್ದಿತು. ನಾವು ಇಳಿದು ನೋಡಿದ ಹೊಲದ್ದೇ ಇರಬಹುದು. ಜರ್ಮನಿಯ ರಕ್ಷಿತ ಪ್ರದೇಶಗಳಲ್ಲಿ 27 ವರ್ಷಗಳಲ್ಲಿ ಹಾರುವ ಕೀಟಗಳ ಒಟ್ಟು ತೂಕವು ನೂರಕ್ಕೆ 75ಕ್ಕಿಂತ ಹೆಚ್ಚು ಇಳಿದುಹೋಯಿತೆಂದು 2017ರಲ್ಲಿ ವಿದ್ವಾಂಸರು ಪ್ರಕಟಿಸಿದ್ದರು. ಗಾಜು ಕೊಳೆಯಾಗದ ಪ್ರಯಾಣವನ್ನು ಸುಖವೆನ್ನಬೇಕೋ ನಷ್ಟವೆನ್ನಬೇಕೋ ವಾಚಕರೇ ಯೋಚಿಸಲಿ.

ಪಾಲಿಶ್‌ನಿಂದ ಬಹಳ ಗೀರುಗಳು ಮಾಯವಾದವು, ಒಂದು ಉಳಿಯಿತು. ದೀಪಾವಳಿಗೆ ಅವರು ಮತ್ತೆ ಬಂದರು. ಕಾರಿನ ಮುಂಭಾಗದಲ್ಲಿ ಹುಳುಗಳಿದ್ದವು. ನಾನು ದೂರದಲ್ಲಿಯೇ ನಿಂತಿದ್ದೆನು. ಅಳಿಯಂದಿರು ಬಕೆಟ್ಟನ್ನು ತಂದಿಟ್ಟು, ಬಟ್ಟೆಯನ್ನು ಅದ್ದಿ ನನ್ನ ಕೈಗೆ ಕೊಟ್ಟು, "ನೀವೇ ಹಾಸಿ ಮಾವ; ಅದು ನೆನೆಯುವಷ್ಟರಲ್ಲಿ ಕಾಫಿ ಕುಡಿಯೋಣ" ಎಂದರು. ಇಬ್ಬರೂ ಜಗುಲಿಯ ಮೇಲೆ ಕುಳಿತು ಕಾಫಿ ಕುಡಿದೆವು.