ಹಳೆಯ ಗಾಡಿಗೆ ಹೊಸ ಬ್ರೇಕು

ನಮ್ಮ ಮನೆಯ ಮೋಟಾರುಗಾಡಿಯು 1984ನೆಯ ಇಸವಿಯ ಅಂಬಾಸಿಡರು. ಹಿಂದುಸ್ತಾನ್ ಮೋಟಾರ್ಸ್ ಕಂಪನಿಯವರು ಬಂಗಾಲದ ಉತ್ತರಪಾಡಾದಲ್ಲಿ ಕಟ್ಟುತ್ತಿದ್ದ ಈ ಗಾಡಿಯನ್ನು ಕಾಣದ ವಾಚಕರು ವಿರಳ. 2014ರಲ್ಲಿ ಅದರ ತಯಾರಿಕೆ ನಿಂತುಹೋಯಿತು. ನಮ್ಮ ಮನೆಯಲ್ಲಿ ಮಾತ್ರ ಅದರ ಓಡಾಟ ನಿಂತಿಲ್ಲ. ತೀರ್ಥರೂಪರು ಅದನ್ನು ಕೊಂಡಾಗ ನಾವು ಹಳೆಯ ಬಾಗಲಕೋಟೆಯಲ್ಲಿದ್ದೆವು. ಆಲಮಟ್ಟಿಯ ಹಿನ್ನೀರು ಘಟಪ್ರಭೆಯ ದಂಡೆಯ ಓಣಿಗಳಿಗೆ ಏರಿಬರುವುದೆಂದು ನಿಶ್ಚಯವಾಗಿ ನವನಗರಕ್ಕೆ ಸಂಸಾರ ಸಾಗಿಸಿದಾಗ, ದೇವರ ಪೆಟ್ಟಿಗೆಯೂ ಬೀಸುವ ಕಲ್ಲೂ ನಮ್ಮ ಅಜ್ಜಿಯವರೂ ಬಂದದ್ದು ಈ ಗಾಡಿಯಲ್ಲಿಯೇ. ತಾಯಿಯವರಿಗೆ ಈಗ ಮೊಣಕಾಲುಬೇನೆ. ಹೊಸ ಮಾದರಿಯ ತಗ್ಗು ಗಾಡಿಗಳಲ್ಲಿ ಇಳಿದು ಕೂಡುವುದೂ ಏಳುವುದೂ ಅವರಿಂದಾಗದು. ಅಂಬಾಸಿಡರಿನ ಎತ್ತರದ ಸೀಟಿನಲ್ಲಾದರೆ ಮನೆಯ ಕಟ್ಟೆಯ ಮೇಲೆ ಕುಳಿತಂತೆ ಕೂಡುತ್ತಾರೆ. ಆದುದರಿಂದ ಇದನ್ನು ಮಾರುವ ಮಾತು ನಮ್ಮಲ್ಲಿ ಹುಟ್ಟುವುದಿಲ್ಲ.

2022ರ ಮಳೆಗಾಲದಲ್ಲಿ ಒಂದು ದಿನ ಹಳ್ಳ ದಾಟಿ ಬರುತ್ತಿರುವಾಗ ಹಿಂದಿನ ಗಾಲಿಗಳ ಬ್ರೇಕು ಹಿಡಿಯಲಿಲ್ಲ. ಮುಂದಿನ ಗಾಲಿಗಳಿಗೆ ಡಿಸ್ಕು ಬ್ರೇಕನ್ನು ಕೆಲವು ವರ್ಷಗಳ ಹಿಂದೆಯೇ ಹಾಕಿಸಿದ್ದೆವು. ಹಿಂದೆ ಇನ್ನೂ ಡ್ರಮ್ಮುಗಳೇ ಇದ್ದವು. ಡ್ರಮ್ಮಿನಲ್ಲಿ ಅರ್ಧಚಂದ್ರಾಕಾರದ ಎರಡು ಪಟ್ಟಿಗಳು ಒಳಗಿನಿಂದ ಹೊರಕ್ಕೆ ಚಾಚಿ ಉಜ್ಜುತ್ತವೆ. ಒಳಗೆ ನೀರು, ಎರೆಮಣ್ಣು ಹೊಕ್ಕರೆ ಬೇಗನೆ ಹೊರಬರುವುದಿಲ್ಲ. ಡಿಸ್ಕಿನಲ್ಲಾದರೋ ಗಾಲಿಯೊಡನೆ ತಿರುಗುವ ಕಬ್ಬಿಣದ ತಟ್ಟೆಯೊಂದನ್ನು ಎರಡು ಮಗ್ಗುಲಿನಿಂದಲೂ ಇಕ್ಕಳವು ಹಿಡಿಯುತ್ತದೆ. ನೀರು ತಾನಾಗಿ ಸಿಡಿದುಹೋಗುತ್ತದೆ. ಉಪಾಯವೇನೂ ಹೊಸದಲ್ಲ. ಇಂಗ್ಲೆಂಡಿನ ಲಾಂಚೆಸ್ಟರ್ ಎಂಬವರು 1902ರಲ್ಲಿಯೇ ಇದಕ್ಕೆ ಪೇಟೆಂಟು ಪಡೆದಿದ್ದರು. 1953ರಲ್ಲಿ ಫ್ರಾನ್ಸಿನ ಲೆ ಮಾನ್ ಪಂದ್ಯವನ್ನು ಜಾಗ್ವಾರ್ ಗಾಡಿಯು ಗೆದ್ದಾಗ ಲೋಕವೆಲ್ಲ ಡಿಸ್ಕಿನತ್ತ ತಿರುಗಿತು. ನಮ್ಮ ತಮ್ಮನು ಲೋಕದೊಡನೆ ತಿರುಗಲು 70 ವರ್ಷ ತಡಮಾಡಿದನು, ಅಷ್ಟೆ. ಹಿಂದಿನ ಗಾಲಿಗಳಿಗೂ ಡಿಸ್ಕು ಹಾಕಿಸಲೇಬೇಕೆಂದು ಹಟ ಹಿಡಿದನು. ಮುಂದಿನ ವರ್ಷದ ಬೇಸಗೆಯಲ್ಲಿ ಬೇರೂರಿನ ಮೇಸ್ತ್ರಿಯೊಬ್ಬರು ಬಂದು ಎರಡು ದಿನಗಳಲ್ಲಿ ಕೆಲಸ ಮುಗಿಸಿ, ಹಣ ಎಣಿಸಿಕೊಂಡು ಹೋದರು.

ಅವರು ಹೋದ ಮೇಲೆ ಪೆಡಲನ್ನು ಒತ್ತಿ ನೋಡಿದೆವು. ಅದು ಹತ್ತಿಯ ಮೂಟೆಯನ್ನು ತುಳಿದಂತೆ ಮೆತ್ತಗೆ ನೆಲದವರೆಗೂ ಇಳಿಯಿತು! ಕೊಳವೆಯಲ್ಲಿ ಗಾಳಿ ಸೇರಿದರೆ ಹೀಗಾಗುವುದು. ದ್ರವವು ಒತ್ತಡಕ್ಕೆ ಕುಗ್ಗದು, ಗಾಳಿ ಕುಗ್ಗುವುದು. ಆದ್ದರಿಂದ ತಮ್ಮನು ಗಾಡಿಯ ಕೆಳಗೆ ಮಲಗಿ ತಿರುಪು ಸಡಿಲಿಸುವುದು, ನಾವು ಮೇಲೆ ಕುಳಿತು ಪೆಡಲು ಒತ್ತುವುದು, ಹೀಗೆ ನಾಲ್ಕು ಸಲ ಗಾಳಿ ತೆಗೆದೆವು. ಎರಡು ಡಬ್ಬಿ ದ್ರವ ಖರ್ಚಾಯಿತು. ಪೆಡಲು ಇದ್ದಂತೆಯೇ ಇತ್ತು. ಇದನ್ನು ಬ್ರೇಕೆಣ್ಣೆಯೆಂದು ಕರೆಯುವುದು ರೂಢಿಯಾದರೂ ಅದು ಎಣ್ಣೆಯಲ್ಲವೆಂಬುದನ್ನು ಇಲ್ಲಿ ಹೇಳಬೇಕು. ಅದರ ಬದಲು ಇಂಜಿನ್ನಿನ ಎಣ್ಣೆ ಹಾಕಿದರೆ ಒಳಗಿನ ರಬ್ಬರುಗಳೆಲ್ಲ ಉಬ್ಬಿ ಕೆಡುವುವು. ಮತ್ತು ಅದು ಬಿದ್ದ ಕಡೆ ಬಣ್ಣ ಎದ್ದುಬರುತ್ತದೆ. ನಮ್ಮ ಪಡಸಾಲೆಯ ಬಾಗಿಲು ಅದಕ್ಕೆ ಸಾಕ್ಷಿ.

ಐದನೆಯ ಸಲಕ್ಕೆ ತಮ್ಮನು ಕೆಳಗಿನಿಂದಲೇ ಕೂಗಿಕೊಂಡನು. ಗಾಳಿ ಹೊರಬಿಡುವ ತಿರುಪು ಇಕ್ಕಳದ ತಳಭಾಗದಲ್ಲಿತ್ತು. ಗಾಳಿ ಮೇಲಕ್ಕೇರುವ ವಸ್ತುವೆಂಬುದು ಶಾಲೆಯ ಹುಡುಗರಿಗೂ ಗೊತ್ತು. ಬಾಗಿಲು ಕೆಳಗಿದ್ದರೆ ಅದು ಹೊರಗೆ ಹೋಗುವುದೆಂತು? ಬಲಗಡೆಯ ಇಕ್ಕಳವನ್ನು ಎಡಕ್ಕೂ ಎಡಗಡೆಯದನ್ನು ಬಲಕ್ಕೂ ಕೂಡಿಸಿದ್ದರು. ಅದಲುಬದಲು ಮಾಡಿದೆವು, ತಿರುಪು ಮೇಲಕ್ಕೆ ಬಂದಿತು, ಗುಳ್ಳೆಗಳೂ ಹೊರಟವು.

ಪೆಡಲು ಗಟ್ಟಿಯಾಯಿತು, ಆದರೆ ಅದರ ಓಟ ಇನ್ನೂ ಉದ್ದವಾಗಿಯೇ ಇತ್ತು. ಎರಡು ಸಲ ಒತ್ತಿದರೆ ಮೇಲೇರುವುದು, ಬಿಟ್ಟು ಒತ್ತಿದರೆ ಮತ್ತೆ ಕೆಳಗೆ. ಕೈಬ್ರೇಕಿನ ಕೆಲಸವನ್ನೂ ಮಾಡುವ ಹಿಂದಿನ ಇಕ್ಕಳಗಳ ಒಳಗೆ, ಪ್ಯಾಡು ಸವೆದಷ್ಟೂ ಪಿಸ್ಟನ್ನನ್ನು ತಾನಾಗಿ ಮುಂದಕ್ಕೆ ತರುವ ಒಂದು ತಿರುಪಿನ ಏರ್ಪಾಡಿರುತ್ತದೆ. ಕೈಬ್ರೇಕಿನ ತಂತಿಯನ್ನು ಮೊದಲೇ ಬಿಗಿದುಬಿಟ್ಟರೆ ಇಕ್ಕಳದ ಸನ್ನೆಯು ತನ್ನ ಪೂರ್ತಿ ಹಿಂದಿನ ಸ್ಥಾನಕ್ಕೆ ಮರಳುವುದಿಲ್ಲ, ಆ ಏರ್ಪಾಡು ನಡೆಯುವುದಿಲ್ಲ, ಪ್ಯಾಡುಗಳು ತಟ್ಟೆಯಿಂದ ದೂರವೇ ಉಳಿಯುತ್ತವೆ. ತಂತಿಯನ್ನು ಸಂಪೂರ್ಣ ಸಡಿಲಿಸಿ, ಸನ್ನೆಗಳನ್ನು ಹಲವು ಸಲ ಆಡಿಸಿ, ಪ್ಯಾಡುಗಳು ತಟ್ಟೆಯ ಹತ್ತಿರ ಬಂದ ಮೇಲೆ ಕಟ್ಟಕಡೆಗೆ ತಂತಿಯನ್ನು ಅಳವಡಿಸಿದೆವು. ಕೆಲಸ ಮುಗಿಯಿತೆಂದು ತಮ್ಮನು ಅಮೀನಗಡದ ಕರದಂಟು ಹಂಚಿದನು. ಅವಸರವಾಯಿತೆಂಬುದು ಆಮೇಲೆ ತಿಳಿಯಿತು.

ಕಲಾದಗಿಗೆ ಹೋಗಿಬಂದ ದಿನ ಹಿಂದಿನ ಗಾಲಿಗಳಿಂದ ಸುಟ್ಟ ವಾಸನೆ ಬಂದಿತು. ನೀರು ಚಿಮುಕಿಸಿದರೆ ಒಲೆಯ ಮೇಲಿನ ಹಂಚಿನಂತೆ ಚುರ್ರೆಂದಿತು. ಜ್ಯಾಕು ಹಚ್ಚಿ ಎತ್ತಿದರೆ ಗಾಲಿಯು ಕೈಯಿಂದ ತಿರುಗಲೊಲ್ಲದು. ದೋಷ ಕೈಬ್ರೇಕಿನದೆಂದು ಅದರ ತಂತಿಯನ್ನೇ ಕಳಚಿದೆವು, ಗಾಲಿ ಬಿಡಲಿಲ್ಲ. ಆಗ ಗಾಳಿಯ ತಿರುಪನ್ನು ತುಸು ಸಡಿಲಿಸಿದೆವು. ಚಿಲ್ಲನೆ ಒಂದಿಷ್ಟು ದ್ರವ ಚಿಮ್ಮಿತು, ಗಾಲಿಯು ಹಗುರಾಗಿ ತಿರುಗಿತು. ಪೆಡಲಿನಿಂದ ಕಾಲು ತೆಗೆದ ಮೇಲೂ ಕೊಳವೆಯಲ್ಲಿ ಒತ್ತಡವು ನಿಂತಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಒತ್ತಡವನ್ನು ಹಿಡಿದಿಟ್ಟದ್ದು ಹೊಸ ಸಾಮಾನಲ್ಲ, ಹಳೆಯದು. ಮುಂದಿನ ಡಿಸ್ಕುಗಳನ್ನು ಹಾಕಿಸಿದಾಗ ಮಾಸ್ಟರ್ ಸಿಲಿಂಡರನ್ನೂ ಬದಲಿಸಿದ್ದೆವು. ಅದು ಮುಂದೆ ಡಿಸ್ಕು ಹಿಂದೆ ಡ್ರಮ್ಮು ಇರುವ ಗಾಡಿಗೆಂದು ಮಾಡಿದ್ದು. ಹಿಂದಿನ ಕೊಳವೆ ಹೊರಡುವ ಬಾಯಿಯಲ್ಲಿ ಅದಕ್ಕೊಂದು ಚಿಕ್ಕ ಕವಾಟವಿತ್ತು. ಡ್ರಮ್ಮಿನೊಳಗಿನ ಪಟ್ಟಿಗಳನ್ನು ಗಟ್ಟಿ ಸ್ಪ್ರಿಂಗುಗಳು ಹಿಂದಕ್ಕೆಳೆಯುತ್ತವೆ. ಅಲ್ಲಿ ಕೊಳವೆಯಲ್ಲಿ ಅಲ್ಪಸ್ವಲ್ಪ ಒತ್ತಡ ಉಳಿದರೆ ರಬ್ಬರಿನ ತುಟಿಗಳು ಬಿಗಿಯಾಗಿದ್ದು ಗಾಳಿ ಒಳನುಗ್ಗುವುದಿಲ್ಲ. ಅದಕ್ಕಾಗಿಯೇ ಆ ಕವಾಟ. ಡಿಸ್ಕಿನ ಪಿಸ್ಟನ್ನಿಗೆ ಅಂಥ ಸ್ಪ್ರಿಂಗಿಲ್ಲ. ಒತ್ತಡ ಹೋದಾಗ ಅದರ ಸುತ್ತಣ ರಬ್ಬರಿನ ಬಳೆಯು ತನ್ನ ಮೊದಲಿನ ಆಕಾರಕ್ಕೆ ಮರಳುತ್ತ ಕೂದಲೆಳೆಯಷ್ಟು ಹಿಂದಕ್ಕೆಳೆಯುತ್ತದೆ, ಅಷ್ಟೆ. ಡ್ರಮ್ಮಿಗೆ ಬೇಕಾಗಿದ್ದ ಒತ್ತಡವೇ ಡಿಸ್ಕಿಗೆ ಉರುಳಾಯಿತು. ಮನೆಯ ಒಂದು ಗೋಡೆ ಕೆಡವಿದವನು ಅದರ ಮೇಲಿನ ತೊಲೆಯನ್ನೂ ನೋಡಿಕೊಳ್ಳಬೇಕು. ನಮಗೆ ಗಾಲಿಯ ಕಡೆ ಮಾತ್ರ ಲಕ್ಷ್ಯವಿತ್ತು, ಪೆಡಲಿನ ಕಡೆ ಇರಲಿಲ್ಲ. ಕವಾಟವನ್ನು ತೆಗೆಸಿದೆವು, ಗಾಲಿಗಳು ತಣ್ಣಗಾದವು.

ಇಷ್ಟಾದ ಮೇಲೆ ನಡೆದದ್ದೇ ನಿಜವಾಗಿ ಹೇಳಬೇಕಾದ ಸಂಗತಿ. ಮುಂಗಾರಿನ ಮೊದಲ ಹನಿಗಳು ಬಿದ್ದ ದಿನ ತಾಯಿಯವರನ್ನು ಕೂಡಿಸಿಕೊಂಡು ಗದ್ದನಕೇರಿ ಕ್ರಾಸು ದಾಟಿ ಹೋಗುತ್ತಿದ್ದೆವು. ಧೂಳಿನ ಮೇಲೆ ತುಂತುರು ಬಿದ್ದ ರಸ್ತೆಯು ಬೆಣ್ಣೆ ಸವರಿದಂತಿತ್ತು. ಎದುರಿಗೆ ಕುರಿಗಳ ಹಿಂಡು ಬಂದಿತು, ಬ್ರೇಕು ಒತ್ತಿದೆವು. ಹಿಂದಿನ ಗಾಲಿಗಳು ಒಮ್ಮೆಲೇ ಕಚ್ಚಿ ನಿಂತು, ಗಾಡಿಯ ಬಾಲವು ಬಲಕ್ಕೆ ಹೊರಳಿ, ನಾವು ರಸ್ತೆಗೆ ಅಡ್ಡಲಾಗಿ ನಿಂತೆವು. ದೇವರು ದೊಡ್ಡವನು, ಎದುರಿಗೆ ಲಾರಿ ಇರಲಿಲ್ಲ. ಕುರಿಗಾರನು ನಮ್ಮನ್ನು ನೋಡಿದ ನೋಟ ಇನ್ನೂ ಕಣ್ಣಿಗೆ ಕಟ್ಟಿದೆ. ತಾಯಿಯವರು ದಾರಿಯುದ್ದಕ್ಕೂ ಮಾತಾಡಲಿಲ್ಲ. ಮನೆಗೆ ಬಂದು ಇಳಿದ ಮೇಲೆ, “ನಿಮ್ಮಪ್ಪ ಇದ್ದಾಗ ಈ ಗಾಡಿ ಹಿಂಗ ಮಾಡಿದ್ದಿಲ್ಲ. ಇನ್ನ ನಾ ಇದರಾಗ ಕೂಡಂಗಿಲ್ಲ” ಎಂದಿಷ್ಟೇ ಹೇಳಿದರು.

ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ, ಏಕೆಂದರೆ ಅದು ಸತ್ಯವಾಗಿತ್ತು. ಓಡುವ ಬಂಡಿಯನ್ನು ತಟ್ಟನೆ ನಿಲ್ಲಿಸಿದರೆ ಭಾರವೆಲ್ಲ ಎತ್ತುಗಳ ಹೆಗಲಿಗೆ ಬರುವುದನ್ನು ರೈತರೆಲ್ಲರೂ ಬಲ್ಲರು. ಮೋಟಾರಿನಲ್ಲಿಯೂ ಹಾಗೆಯೇ, ಬ್ರೇಕು ಬಿದ್ದೊಡನೆ ಭಾರವು ಮುಂದಕ್ಕೆ ಸರಿದು ಹಿಂದಿನ ಗಾಲಿಗಳು ಹಗುರಾಗುತ್ತವೆ. ಹಗುರಾದ ಗಾಲಿಯನ್ನು ಬಿಗಿಯಾಗಿ ಹಿಡಿದರೆ ಅದು ಉರುಳುವುದನ್ನು ಬಿಟ್ಟು ಜಾರುತ್ತದೆ, ಜಾರುವ ಗಾಲಿಗೆ ನೇರ ದಾರಿಯ ಗೊಡವೆಯಿಲ್ಲ. ನಾವು ಹಾಕಿಸಿದ ಹಿಂದಿನ ಇಕ್ಕಳಗಳ ಹಿಡಿತ ಅಲ್ಲಿಗೆ ಬೇಕಾದುದಕ್ಕಿಂತ ಹೆಚ್ಚಾಗಿತ್ತು. ಇದಕ್ಕೆ ಪರಿಹಾರವಾಗಿ ಹಿಂದಿನ ಕೊಳವೆಯ ನಡುವೆ ಒತ್ತಡವನ್ನು ತಗ್ಗಿಸುವ, ಗುಂಡಿ ತಿರುಗಿಸಿ ಹೊಂದಿಸಬಹುದಾದ ಒಂದು ಕವಾಟವನ್ನು ಹಾಕಿಸಿದೆವು. ಒಂದು ಕವಾಟ ತೆಗೆಸಿ ಇನ್ನೊಂದು ಹಾಕಿಸುವುದೇಕೆಂದು ಮನೆಯವರು ಕೇಳಿದರು. ಎರಡರ ಕೆಲಸವೂ ಬೇರೆಯೆಂದು ತಿಳಿಹೇಳುವಷ್ಟರಲ್ಲಿ ರೊಟ್ಟಿ ಆರಿಹೋಯಿತು.

ನವನಗರದ ಅಂಚಿನಲ್ಲಿ ಇನ್ನೂ ಮನೆಗಳೇಳದ ನಿವೇಶನಗಳ ನಡುವಣ ನಿರ್ಜನ ರಸ್ತೆಯಲ್ಲಿ ನಾಲ್ಕು ದಿನ ನಸುಕಿನಲ್ಲಿ ಪರೀಕ್ಷೆ ನಡೆಸಿದೆವು. ಕೊಡಗಳಿಂದ ನೀರು ಸುರಿದು ನೆಲ ತೋಯಿಸುವುದು, ನಾವು ನಿಧಾನವಾಗಿ ಬಂದು ಬ್ರೇಕು ಒತ್ತುವುದು, ಯಾವ ಗಾಲಿ ಮೊದಲು ಕಚ್ಚಿತೆಂದು ತಮ್ಮನು ಬದಿಗೆ ನಿಂತು ಕೂಗುವುದು. ಆ ಗುಂಡಿಯನ್ನು ಸ್ವಲ್ಪಸ್ವಲ್ಪವೇ ತಿರುಗಿಸುತ್ತ ಹೋಗಿ, ಮುಂದಿನ ಗಾಲಿಗಳೇ ಮೊದಲು ಕಚ್ಚುವಲ್ಲಿಗೆ ನಿಲ್ಲಿಸಿದೆವು. ಆಗ ಗಾಡಿಯು ಎಳೆದ ಗೆರೆಯಂತೆ ನೇರ ನಿಂತಿತು. ನಿಜ ಹೇಳಬೇಕೆಂದರೆ, ಇಂದಿನ ಎಷ್ಟೋ ಹೊಸ ಗಾಡಿಗಳಿಗೂ ಹಿಂದೆ ಡ್ರಮ್ಮುಗಳೇ ಇವೆ, ಅವುಗಳಿಗೇನೂ ಕೊರತೆಯಾಗಿಲ್ಲ. ಹಳ್ಳ ದಾಟಿದ ಮೇಲೆ ಬ್ರೇಕನ್ನು ಮೆಲ್ಲಗೆ ಒತ್ತುತ್ತ ನಾಲ್ಕು ಮಾರು ನಡೆಸಿ ಒಣಗಿಸಿಕೊಂಡಿದ್ದರೆ ಈ ಉಪದ್ವ್ಯಾಪವೆಲ್ಲ ಬೇಕಿರಲಿಲ್ಲ. ತಮ್ಮನು ಇದನ್ನು ಒಪ್ಪುವುದಿಲ್ಲ.

ತಾಯಿಯವರನ್ನು ಒಪ್ಪಿಸಲು ಬನದ ಹುಣ್ಣಿಮೆಯವರೆಗೆ ಕಾಯಬೇಕಾಯಿತು. 2024ರ ಜನವರಿಯಲ್ಲಿ ಬನಶಂಕರಿಯ ತೇರು. ತೇರಿಗೆ ಹೋಗದಿರುವುದು ಅವರಿಂದಾಗದು, ಬಸ್ಸಿನ ಮೆಟ್ಟಿಲು ಹತ್ತುವುದೂ ಆಗದು. ಬಾಗಿಲು ತೆರೆದು ನಿಂತೆವು. ಏನೊಂದೂ ಆಡದೆ ಹತ್ತಿ ಕುಳಿತರು. ಬಾದಾಮಿಯ ಹತ್ತಿರ ಎಮ್ಮೆಯೊಂದು ಗಾಡಿಗೆ ಅಡ್ಡ ಬಂದಿತು. ಬ್ರೇಕು ಒತ್ತಿದೆವು, ಕನ್ನಡಿಯಲ್ಲಿ ಅವರ ಮುಖ ನೋಡುವ ಧೈರ್ಯವಾಗಲಿಲ್ಲ. ಗಾಡಿ ನೇರ ನಿಂತಿತು, ಎಮ್ಮೆ ತನ್ನ ಪಾಡಿಗೆ ದಾಟಿಹೋಯಿತು. ಹಿಂದಿನಿಂದ ದನಿ ಬಂದಿತು: “ಈ ಕಿಟಕಿ ಕಾಜ ಮ್ಯಾಲ ಏರವಲ್ದು. ಥಂಡಿ ಗಾಳಿ ಬಡಿತೈತಿ. ಮದಲ ಇದನ್ನ ಮಾಡಸ್ರಿ.”